ಗಣಕಯಂತ್ರದ ಪದಶೋಧ ಮತ್ತು ಪ್ರಾಮಾಣ್ಯವಿಚಾರ

೧

ಒಂದು ಗ್ರಂಥದಲ್ಲಿ ಒಂದು ಪದ ಉಂಟೆ ಇಲ್ಲವೆ, ಉಂಟಾದರೆ ಎಷ್ಟು ಸಲ, ಯಾವ ಯಾವ ಎಡೆಗಳಲ್ಲಿ ಎಂಬ ಪ್ರಶ್ನೆ ಭಾಷಾಧ್ಯಯನಕ್ಕೂ ಕಾವ್ಯವಿಮರ್ಶೆಗೂ ಮೂಲಭೂತವಾದುದು. ಕಾಲನಿರ್ಣಯ, ಕರ್ತೃನಿರ್ಣಯ, ಪಾಠನಿರ್ಣಯ ಇವೆಲ್ಲವೂ ಒಂದಲ್ಲ ಒಂದು ಹಂತದಲ್ಲಿ ಈ ಪ್ರಶ್ನೆಯನ್ನು ಕೇಳಿಯೇ ಮುಂದುವರಿಯಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ೧೯೭೦ರಿಂದ ೧೯೯೫ರ ವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಶಾಸನಗಳನ್ನೂ ಕಾವ್ಯಗಳನ್ನೂ ಸಾಲುಸಾಲಾಗಿ ಓದಿ, ಪ್ರಯೋಗಗಳನ್ನು ಆರಿಸಿ, ಚೀಟಿಗಳ ಮೇಲೆ ಬರೆದಿಟ್ಟುಕೊಂಡ ವಿದ್ವಾಂಸರ ದೀರ್ಘಕಾಲದ ಪರಿಶ್ರಮ ಅದರ ಹಿಂದೆ ಇದೆ. ಇಂದು ಗ್ರಂಥವನ್ನು ಗಣಕಯಂತ್ರದೊಳಕ್ಕೆ ಸೇರಿಸಿ, ಬೇಕಾದ ಪದವನ್ನು ಒತ್ತಿ ಕೇಳಿದರೆ ಉತ್ತರ ಕಣ್ಣು ಮಿಟುಕಿಸುವುದರೊಳಗಾಗಿ ಬರುತ್ತದೆ. ಅಂಥ ಉತ್ತರಗಳನ್ನು ಆಧಾರವಾಗಿಟ್ಟುಕೊಂಡು 'ಈ ಪದವನ್ನು ಈ ಕವಿ ಇಷ್ಟು ಸಲ ಬಳಸಿದ್ದಾನೆ', 'ಈ ಪದ ಈ ಗ್ರಂಥದಲ್ಲಿ ಇಲ್ಲವೇ ಇಲ್ಲ' ಎಂದು ವಾದಿಸುವುದೂ ಸುಲಭವಾಗಿದೆ.

ಹೀಗಿರುವಲ್ಲಿ ಗಣಕದ ಶೋಧ ಎಷ್ಟರ ಮಟ್ಟಿಗೆ ಪ್ರಮಾಣ ಎಂಬುದನ್ನು ವಿಚಾರ ಮಾಡುವುದು ಆವಶ್ಯಕ. ಯಂತ್ರವನ್ನು ಹೊಗಳುವುದಾಗಲಿ ತೆಗಳುವುದಾಗಲಿ ನಮ್ಮ ಉದ್ದೇಶವಲ್ಲ. ಯಂತ್ರ ಉತ್ತರಿಸುವ ಪ್ರಶ್ನೆ ಯಾವುದು, ನಾವು ಕೇಳಿದೆವೆಂದು ಭಾವಿಸುವ ಪ್ರಶ್ನೆ ಯಾವುದು, ಇವೆರಡರ ನಡುವಣ ಅಂತರವೆಷ್ಟು ಎಂಬುದನ್ನು ಕನ್ನಡದ ಉದಾಹರಣೆಗಳಿಂದ ತೋರಿಸಿ, ಆ ಅಂತರವನ್ನು ಅರಿತು ನಡೆಯುವ ಕ್ರಮವನ್ನು ಸೂಚಿಸುವುದಷ್ಟೆ ಈ ಬರಹದ ಗುರಿ.

೨

ಮೊದಲು ಪರಿಭಾಷೆ. ಪ್ರೋಗ್ರಾಂ ಬರೆಯುವವರು 'ಸ್ಟ್ರಿಂಗ್' ಎಂದು ಕರೆಯುವುದನ್ನು ನಾವು ಅಕ್ಷರಸರಣಿ ಎನ್ನೋಣ. ಗಣಕದ ಮಟ್ಟಿಗೆ ಇಡೀ ಕಾವ್ಯವೂ ಒಂದು ಅಕ್ಷರಸರಣಿಯೇ, ಒಂದು ಪದವೂ ಒಂದು ಅಕ್ಷರಸರಣಿಯೇ. ಒಂದು ಸರಣಿಯೊಳಗೆ ಎಡೆಬಿಡದೆ ಬರುವ ಯಾವುದೇ ತುಣುಕು ಅದರ ಉಪಸರಣಿ. ನಾವು ಹುಡುಕಲು ಕೊಡುವ ತುಣುಕನ್ನು ಶೋಧ್ಯ ಎಂದು ಕರೆಯೋಣ. ಸರಣಿಯಲ್ಲಿರುವ ಒಂದೊಂದು ಚಿಹ್ನೆಯೂ ಗಣಕದಲ್ಲಿ ಒಂದೊಂದು ಸಂಖ್ಯೆ. ಈ ಸಂಖ್ಯೆಗಳನ್ನು ನಿಗದಿಪಡಿಸುವ ಯೂನಿಕೋಡ್ ವ್ಯವಸ್ಥೆಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ.

ಶೋಧದ ಅತ್ಯಂತ ಸರಳ ಕ್ರಮ ಹೀಗೆ: ಶೋಧ್ಯವನ್ನು ಪಠ್ಯದ ಮೊದಲ ಚಿಹ್ನೆಯ ಕೆಳಗೆ ಇಟ್ಟು ಒಂದೊಂದಾಗಿ ಹೋಲಿಸುವುದು, ಹೊಂದದಿದ್ದರೆ ಒಂದು ಸ್ಥಾನ ಮುಂದಕ್ಕೆ ಸರಿಸಿ ಮತ್ತೆ ಮೊದಲಿನಿಂದ ಹೋಲಿಸುವುದು. ಇದು ಸರಿಯಾದ ಕ್ರಮವೇ, ಆದರೆ ಕೆಲವೆಡೆ ಬಹಳ ವ್ಯರ್ಥಶ್ರಮ. ಪಠ್ಯ ಬರಿಯ ಕಕಾರಗಳ ೧,೦೦೦ ಚಿಹ್ನೆಯ ಸಾಲಾಗಿದ್ದು, ಶೋಧ್ಯ ೯೯ ಕಕಾರ ಮತ್ತು ಕೊನೆಗೊಂದು ಗಕಾರವಾಗಿದ್ದರೆ, ೯೦೧ ಸ್ಥಾನಗಳಲ್ಲಿ ತಲಾ ೧೦೦ರಂತೆ ೯೦,೧೦೦ ಹೋಲಿಕೆಗಳಾಗುತ್ತವೆ. ಕೊನೆಗೆ ಉತ್ತರ 'ಇಲ್ಲ'.

ಈ ವ್ಯರ್ಥಶ್ರಮವನ್ನು ತಪ್ಪಿಸುವ ಎರಡು ಪ್ರಸಿದ್ಧ ವಿಧಾನಗಳು ೧೯೭೭ರಲ್ಲಿ ಪ್ರಕಟವಾದವು. ಡೊನಾಲ್ಡ್ ಕ್ನೂತ್, ಜೇಮ್ಸ್ ಮಾರಿಸ್, ವಾನ್ ಪ್ರಾಟ್ ಈ ಮೂವರದು ಒಂದು. ಇದರ ತಿರುಳು ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. 'ತರತರದ' ಎಂಬ ಶೋಧ್ಯವನ್ನು 'ತರತರತರದ' ಎಂಬ ಪಠ್ಯದಲ್ಲಿ ಹುಡುಕುವುದಾದರೆ, ಮೊದಲ ನಾಲ್ಕು ಅಕ್ಷರಗಳು ಹೊಂದುತ್ತವೆ; ಐದನೆಯದು ದಕಾರವಾಗಬೇಕಿದ್ದಲ್ಲಿ ತಕಾರ ಎದುರಾಗುತ್ತದೆ. ಸರಳ ಕ್ರಮದಂತೆ ಪಠ್ಯದ ಎರಡನೆಯ ಅಕ್ಷರಕ್ಕೆ ಹಿಂದಿರುಗಬೇಕು. ಈ ಮೂವರ ವಿಧಾನದಲ್ಲಿ ಹಿಂದಿರುಗುವ ಅಗತ್ಯವಿಲ್ಲ. ಈಗಾಗಲೇ ಹೊಂದಿದ 'ತರತರ'ದ ಕೊನೆಯ 'ತರ'ವೇ ಶೋಧ್ಯದ ಆರಂಭದ 'ತರ'ವೂ ಆಗಿರುವುದರಿಂದ, ಶೋಧ್ಯವನ್ನು ಎರಡು ಸ್ಥಾನ ಸರಿಸಿ, ನಿಂತಲ್ಲಿಂದಲೇ ಮುಂದುವರಿದರೆ ಸಾಕು. ಶೋಧ್ಯ ತನ್ನೊಳಗೆ ತಾನು ಹೇಗೆ ಮರುಕಳಿಸುತ್ತದೆಂಬುದನ್ನು ಮುಂಚಿತವಾಗಿ ಲೆಕ್ಕಹಾಕಿ ಇಟ್ಟುಕೊಂಡರೆ, ಪಠ್ಯದಲ್ಲಿ ಒಮ್ಮೆಯೂ ಹಿಂದಕ್ಕೆ ಹೋಗಬೇಕಾಗುವುದಿಲ್ಲ. ಮೇಲಿನ ಕಕಾರಗಳ ಉದಾಹರಣೆಯಲ್ಲಿ, ಪೂರ್ವಸಿದ್ಧತೆಯ ಕೆಲವು ನೂರನ್ನು ಬಿಟ್ಟರೆ, ಹೋಲಿಕೆಗಳು ೨,೦೦೦ವನ್ನು ಮೀರುವುದಿಲ್ಲ.

ಎರಡನೆಯದು ರಾಬರ್ಟ್ ಬಾಯರ್ ಮತ್ತು ಜೆ ಮೂರ್ ಇವರದು. ಅಲ್ಲಿ ಹೋಲಿಕೆ ಶೋಧ್ಯದ ಕೊನೆಯಿಂದ ತೊಡಗುತ್ತದೆ. ಐದಕ್ಷರದ ಶೋಧ್ಯಕ್ಕೆ ಪಠ್ಯದ ಐದನೆಯ ಅಕ್ಷರವನ್ನು ಮೊದಲು ನೋಡಿ, ಅದು ಶೋಧ್ಯದಲ್ಲಿ ಎಲ್ಲಿಯೂ ಇಲ್ಲದ ಅಕ್ಷರವಾಗಿದ್ದರೆ ಐದು ಸ್ಥಾನಗಳನ್ನೂ ಒಮ್ಮೆಗೇ ದಾಟಿಬಿಡಬಹುದು. ಪಠ್ಯದ ಎಷ್ಟೋ ಅಕ್ಷರಗಳನ್ನು ನೋಡದೆಯೇ 'ಅಲ್ಲಿ ಇಲ್ಲ' ಎಂದು ನಿಶ್ಚಯಿಸಬಹುದೆಂಬುದು ಈ ವಿಧಾನದ ವಿಶೇಷ.

ಉತ್ತರ ಬರುವ ರೀತಿಯನ್ನೂ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಪೈಥಾನ್ ಭಾಷೆಯ 'ಫೈಂಡ್' ಎಂಬ ಸಾಧನ ಶೋಧ್ಯ ದೊರೆತ ಸ್ಥಾನವನ್ನು ಕೊಡುತ್ತದೆ. ದೊರೆಯದಿದ್ದರೆ ಋಣ ಒಂದನ್ನು ಕೊಡುತ್ತದೆ. ಸ್ಥಾನಗಳ ಎಣಿಕೆ ಸೊನ್ನೆಯಿಂದ ಪ್ರಾರಂಭ. ಆದುದರಿಂದ ಪಠ್ಯದ ಮೊದಲಿನಲ್ಲೇ ಶೋಧ್ಯ ದೊರೆತರೆ ಉತ್ತರ ಸೊನ್ನೆ. 'ಉತ್ತರ ನಿಜವಾದರೆ' ಎಂಬ ಷರತ್ತಿನಲ್ಲಿ ಸೊನ್ನೆಯನ್ನು ಭಾಷೆ 'ಸುಳ್ಳು' ಎಂದೂ ಋಣ ಒಂದನ್ನು 'ನಿಜ' ಎಂದೂ ಗಣಿಸುವುದರಿಂದ, ಅಜಾಗರೂಕನಾದವನ ಪ್ರೋಗ್ರಾಮಿನಲ್ಲಿ ಇರುವುದು ಇಲ್ಲವಾಗಿ, ಇಲ್ಲದ್ದು ಇರುವುದಾಗಿ ಪರಿಣಮಿಸುತ್ತದೆ. ಇಲ್ಲಿ ದೋಷ ಯಂತ್ರದ್ದಲ್ಲ. ಉತ್ತರದ ಅರ್ಥವನ್ನು ತಿಳಿಯದೆ ಅದನ್ನು ಬಳಸಿದವನದು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, 'ಈ ಸಂಖ್ಯೆಗಳ ಸಾಲು ಆ ಸಂಖ್ಯೆಗಳ ಸಾಲಿನಲ್ಲಿ ಉಂಟೆ?' ಎಂಬ ಪ್ರಶ್ನೆಗೆ ಗಣಕದ ಉತ್ತರ ನಿರ್ದುಷ್ಟವೂ ಶೀಘ್ರವೂ ಆದುದು. ಆದರೆ ಪದ ಎಂಬುದು ಸಂಖ್ಯೆಗಳ ಸಾಲಲ್ಲ. 'ಈ ಪದ ಈ ಕಾವ್ಯದಲ್ಲಿ ಉಂಟೆ?' ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದರ ಉತ್ತರವೆಂದು ತೆಗೆದುಕೊಂಡಾಗ ಒದಗುವ ದೋಷಗಳನ್ನು ವಿಂಗಡಿಸಲು ನಮ್ಮ ತರ್ಕಶಾಸ್ತ್ರದಲ್ಲೇ ಸಿದ್ಧವಾದ ಚೌಕಟ್ಟು ಇದೆ. ಲಕ್ಷಣಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂದು ಮೂರು ದೋಷಗಳನ್ನು ತಾರ್ಕಿಕರು ಹೇಳುತ್ತಾರೆ. 'ಕೊಂಬುಳ್ಳದ್ದು ಹಸು' ಎಂದರೆ ಎಮ್ಮೆಯೂ ಹಸುವಾಗುವುದರಿಂದ ಅತಿವ್ಯಾಪ್ತಿ. 'ಕಪಿಲವರ್ಣದ್ದು ಹಸು' ಎಂದರೆ ಬಿಳಿಯ ಹಸು ಬಿಟ್ಟುಹೋಗುವುದರಿಂದ ಅವ್ಯಾಪ್ತಿ. 'ಒಂದೇ ಗೊರಸುಳ್ಳದ್ದು ಹಸು' ಎಂದರೆ ಯಾವ ಹಸುವಿಗೂ ಹೊಂದದಿರುವುದರಿಂದ ಅಸಂಭವ. ನಾವು ಕೊಡುವ ಶೋಧ್ಯವೂ ಒಂದು ಬಗೆಯ ಲಕ್ಷಣವೇ. ಆದಕಾರಣ ಈ ಮೂರೂ ಅದಕ್ಕೆ ಅನ್ವಯಿಸುತ್ತವೆ.

೩

ಅತಿವ್ಯಾಪ್ತಿ ಎಲ್ಲರ ಕಣ್ಣಿಗೂ ಬೇಗ ಬೀಳುವ ದೋಷ. ಇಂಗ್ಲೆಂಡಿನ ಸ್ಕನ್‌ಥಾರ್ಪ್ ಎಂಬ ಪಟ್ಟಣದ ಹೆಸರಿನೊಳಗೆ ಇಂಗ್ಲಿಷಿನ ಒಂದು ಅಶ್ಲೀಲ ಪದದ ಅಕ್ಷರಗಳು ಅನುಕ್ರಮವಾಗಿ ಬರುತ್ತವೆ. ೧೯೯೬ರಲ್ಲಿ ಎ.ಓ.ಎಲ್. ಎಂಬ ಅಮೆರಿಕದ ಸಂಸ್ಥೆ ಅಶ್ಲೀಲತೆಯನ್ನು ತಡೆಯಲು ಇರಿಸಿದ್ದ ಶೋಧಕದ ದೆಸೆಯಿಂದ ಆ ಊರಿನವರು ಖಾತೆ ತೆರೆಯಲಾರದೆ ಹೋದರು. ಊರ ಹೆಸರು ಬರೆದದ್ದೇ ಅವರ ಅಪರಾಧವಾಯಿತು. ಅಂದಿನಿಂದ ಈ ಬಗೆಯ ಎಡವಟ್ಟಿಗೆ ಆ ಊರಿನ ಹೆಸರೇ ನಿಂತಿದೆ.

ಕನ್ನಡದಲ್ಲಿ ಈ ದೋಷ ಇನ್ನೂ ಆಳವಾದುದು. 'ಮರ' ಎಂದು ಹುಡುಕಿದರೆ ಅಮರ, ಸಮರ, ಭ್ರಮರ, ಮರಣ ದೊರೆಯುವುದು ಸಹಜ. ಆದರೆ ಮರಿ, ಮರೆ, ಮರುಳು ಇವೂ ದೊರೆಯುತ್ತವೆ. ಇದಕ್ಕೆ ಕಾರಣ ನಮ್ಮ ಲಿಪಿಯನ್ನು ಗಣಕದಲ್ಲಿ ಬರೆದಿಡುವ ಕ್ರಮ. ಅಕಾರಕ್ಕೆ ಗುಣಿತದ ಚಿಹ್ನೆ ಇಲ್ಲ. ಉಳಿದ ಸ್ವರಗಳ ಚಿಹ್ನೆಗಳು ವ್ಯಂಜನದ ನಂತರ ಬೇರೆ ಸಂಖ್ಯೆಗಳಾಗಿ ಬರುತ್ತವೆ. ಆದುದರಿಂದ 'ಮರಿ' ಎಂಬುದು ಗಣಕಕ್ಕೆ 'ಮರ' ಮತ್ತು ಅದರ ಮುಂದೆ ಒಂದು ಗುಡಿಸು. ನಮ್ಮ ಕಿವಿಗೆ 'ಮರಿ'ಯಲ್ಲಿ 'ಮರ' ಇಲ್ಲ. ಸಂಖ್ಯೆಗಳನ್ನು ಮಾತ್ರ ಹೋಲಿಸುವ ಯಂತ್ರಕ್ಕೆ ಇದೆ.

ಒತ್ತಕ್ಷರಗಳಿಂದಾಗುವ ವಿಪರೀತ ಇದಕ್ಕಿಂತ ಸ್ವಾರಸ್ಯದ್ದು. 'ಗ್ರಾಮ' ಎಂಬುದರಲ್ಲಿ ಓದುಗನಿಗೆ ಕಾಣುವವು ಎರಡು ಅಕ್ಷರಗಳು. ಗಣಕದಲ್ಲಿ ಅದು ಗಕಾರ, ಹಲಂತಚಿಹ್ನೆ, ರಕಾರ, ದೀರ್ಘದ ಚಿಹ್ನೆ, ಮಕಾರ ಎಂಬ ಐದು ಸಂಖ್ಯೆಗಳು. ಅವುಗಳ ಕೊನೆಯ ಮೂರು ಸೇರಿ 'ರಾಮ'. ಹೀಗೆ ರಾಮನನ್ನು ಹುಡುಕಿದವನಿಗೆ ವಿರಾಮ, ಆರಾಮಗಳಲ್ಲದೆ ಗ್ರಾಮ, ಸಂಗ್ರಾಮ, ಪ್ರಾಮಾಣಿಕಗಳಲ್ಲಿಯೂ ರಾಮ ಸಿಕ್ಕುತ್ತಾನೆ. ಈ ಲೇಖನದ ತಲೆಬರಹದ 'ಪ್ರಾಮಾಣ್ಯ'ದಲ್ಲಿಯೂ ಅವನಿದ್ದಾನೆ. ರಾಮಕಥೆಯ ಕಾವ್ಯವೊಂದರಲ್ಲಿ ನಾಯಕನ ಹೆಸರು ಎಷ್ಟು ಸಲ ಬಂದಿದೆಯೆಂಬ ಲೆಕ್ಕಕ್ಕೆ ಯುದ್ಧವರ್ಣನೆಯ ಸಂಗ್ರಾಮಗಳೆಲ್ಲ ಸೇರಿಹೋದರೆ, ಆ ಸಂಖ್ಯೆಯ ಮೇಲೆ ಕಟ್ಟಿದ ವಿಮರ್ಶೆಯ ಗತಿ ಏನೆಂಬುದನ್ನು ಹೇಳಬೇಕಾಗಿಲ್ಲ.

ಕರ್ತೃತ್ವವಿಚಾರದಲ್ಲಂತೂ ಇದು ನಗೆಯ ಮಾತಾಗಿ ಉಳಿಯುವುದಿಲ್ಲ. ನೀಲಮ್ಮನ ವಚನಗಳ ಅಂಕಿತ 'ಸಂಗಯ್ಯ'. ಚೆನ್ನಬಸವಣ್ಣನ ಅಂಕಿತ 'ಕೂಡಲಚೆನ್ನಸಂಗಯ್ಯ', 'ಕೂಡಲಚೆನ್ನಸಂಗಮದೇವ' ಎಂಬ ರೂಪಗಳಲ್ಲಿ ಬರುತ್ತದೆ. ಬಸವಣ್ಣನದು 'ಕೂಡಲಸಂಗಮದೇವ'. ಇವುಗಳಲ್ಲಿ 'ಸಂಗಯ್ಯ' ಎಂಬ ಶೋಧ್ಯ ಮೊದಲಿಬ್ಬರನ್ನು ಒಂದುಗೂಡಿಸುತ್ತದೆ; 'ಸಂಗಮದೇವ' ಎಂಬುದು ಕೊನೆಯ ಇಬ್ಬರನ್ನು ಒಂದುಗೂಡಿಸುತ್ತದೆ. ಅಂಕಿತದ ಆಧಾರದಿಂದ ವಚನಗಳನ್ನು ವಿಂಗಡಿಸಹೊರಟವನು ಉಪಸರಣಿಯನ್ನು ಅಂಕಿತವೆಂದೇ ನಂಬಿದರೆ, ಒಬ್ಬರ ಮಾತನ್ನು ಇನ್ನೊಬ್ಬರ ಬಾಯಲ್ಲಿ ಇಟ್ಟಂತಾಗುತ್ತದೆ.

ಆದರೂ ಅತಿವ್ಯಾಪ್ತಿಗೆ ಒಂದು ಗುಣವಿದೆ: ಅದು ತನ್ನನ್ನು ತಾನು ಬಯಲುಮಾಡಿಕೊಳ್ಳುತ್ತದೆ. ದೊರೆತ ಎಡೆಗಳನ್ನು ಒಂದೊಂದಾಗಿ ಓದಿದವನಿಗೆ ಗ್ರಾಮ ಯಾವುದು ರಾಮ ಯಾವುದು ಎಂಬುದು ತಿಳಿಯದೆ ಇರದು. ಮುಂದಿನ ದೋಷ ಹಾಗಲ್ಲ.

೪

ಅವ್ಯಾಪ್ತಿ ಎಂದರೆ ಇರುವುದು ಕಾಣದೆ ಹೋಗುವುದು. ಕಾಣದ್ದನ್ನು ಓದಿ ತಿದ್ದಿಕೊಳ್ಳುವ ಅವಕಾಶ ಇಲ್ಲವಾದ್ದರಿಂದ ಇದು ಹೆಚ್ಚು ಅಪಾಯಕರ. ಸಂಧಿಯೂ ವಿಭಕ್ತಿಯೂ ಪದದ ಅಂಚುಗಳನ್ನು ಬದಲಿಸುವ ನಮ್ಮ ಭಾಷೆಯಲ್ಲಿ ಇದು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ಆದೇಶಸಂಧಿಯನ್ನು ಮೊದಲು ನೋಡೋಣ. 'ಕಾಲ' ಎಂದು ಹುಡುಕಿದವನಿಗೆ ಮಳೆಗಾಲ ಸಿಕ್ಕುವುದಿಲ್ಲ. 'ತಾವರೆ' ಎಂದು ಹುಡುಕಿದವನಿಗೆ ಬೆಟ್ಟದಾವರೆ ಸಿಕ್ಕುವುದಿಲ್ಲ. 'ಪನಿ'ಯಿಂದ ಕಂಬನಿ ದೊರೆಯದು. ಒಂದು ಸಾಹಿತ್ಯಚರಿತ್ರೆಯಲ್ಲಿ 'ಕನ್ನಡ' ಎಂಬ ಪದವನ್ನು ಹುಡುಕಿದರೆ ಹಳಗನ್ನಡವೂ ನಡುಗನ್ನಡವೂ ಹೊಸಗನ್ನಡವೂ ಕನ್ನಡವಲ್ಲವೆಂದು ಯಂತ್ರ ತೀರ್ಮಾನಿಸುತ್ತದೆ.

ಲೋಪಸಂಧಿಯಲ್ಲಿ ಆಗುವುದು ಇನ್ನೂ ಸೂಕ್ಷ್ಮ. ತವರು ಎಂಬುದಕ್ಕೆ ಊರು ಸೇರಿ ತವರೂರು ಆಗುತ್ತದೆ. ನಮ್ಮ ಕಿವಿಗೆ ಅಲ್ಲಿ 'ಊರು' ಪೂರ್ಣವಾಗಿ ಕೇಳಿಸುತ್ತದೆ. ಯಾವ ಧ್ವನಿಯೂ ಮಾರ್ಪಟ್ಟಿಲ್ಲ. ಆದರೆ ಪದಾದಿಯ ಸ್ವತಂತ್ರ ಊಕಾರಕ್ಕೆ ಗಣಕದಲ್ಲಿ ಒಂದು ಸಂಖ್ಯೆ, ವ್ಯಂಜನಕ್ಕೆ ಸೇರಿದ ಊಕಾರದ ಗುಣಿತಚಿಹ್ನೆಗೆ ಬೇರೊಂದು ಸಂಖ್ಯೆ. ಆದಕಾರಣ 'ಊರು' ಎಂಬ ಶೋಧ್ಯಕ್ಕೆ ತವರೂರು, ಹುಟ್ಟೂರುಗಳು ದೊರೆಯವು. ಊರಿಗೆ, ಊರಿನ, ಊರಲ್ಲಿ ಎಂಬ ವಿಭಕ್ತಿರೂಪಗಳೂ ಕೊನೆಯ ಉಕಾರ ಬಿದ್ದುಹೋದುದರಿಂದ ತಪ್ಪಿಹೋಗುತ್ತವೆ. ಸ್ವರದಿಂದ ಮೊದಲಾಗುವ ಪ್ರತಿಯೊಂದು ಕನ್ನಡ ಪದಕ್ಕೂ ಈ ಗತಿ ಸಂಭವಿಸಬಹುದು.

ಇದರ ಪರಿಣಾಮ ಎಷ್ಟು ದೂರ ಹೋಗುತ್ತದೆಂಬುದನ್ನು ತೋರಿಸಲು ನಿಷೇಧದ ಉದಾಹರಣೆಯೊಂದೇ ಸಾಕು. ಒಬ್ಬ ಲೇಖಕನ ಗದ್ಯದಲ್ಲಿ ನಿಷೇಧವಾಕ್ಯಗಳ ಪ್ರಮಾಣವೆಷ್ಟು ಎಂಬುದು ಶೈಲಿಯ ವಿಚಾರದಲ್ಲಿ ಕೇಳತಕ್ಕ ಪ್ರಶ್ನೆಯೇ. ಅದಕ್ಕಾಗಿ 'ಇಲ್ಲ' ಎಂದು ಹುಡುಕಿದರೆ ಬರಲಿಲ್ಲ, ಹೋಗಲಿಲ್ಲ, ಗೊತ್ತಿಲ್ಲ, ಬರುವುದಿಲ್ಲ ಇವಾವುವೂ ದೊರೆಯುವುದಿಲ್ಲ. ಇವುಗಳಲ್ಲೆಲ್ಲ ಇಕಾರ ಗುಡಿಸಾಗಿದೆ. ಅದೇ ವೇಳೆಗೆ ನಿಷೇಧಕ್ಕೆ ಸಂಬಂಧವೇ ಇಲ್ಲದ 'ಇಲ್ಲಿ' ಎಂಬುದು ಪುಟಪುಟದಲ್ಲಿಯೂ ದೊರೆಯುತ್ತದೆ. ಅವ್ಯಾಪ್ತಿ ಅತಿವ್ಯಾಪ್ತಿಗಳೆರಡೂ ಒಂದೇ ಉತ್ತರದಲ್ಲಿ ಸೇರಿ, ಬಂದ ಸಂಖ್ಯೆ ಮಾತ್ರ ಒಂದು ಖಚಿತ ಸಂಖ್ಯೆಯಂತೆ ತೋರುತ್ತದೆ. ಇನ್ನು ಕಾಣೆ, ಅರಿಯೆ, ಒಲ್ಲೆ ಮುಂತಾದ ಕ್ರಿಯಾರೂಪಗಳಲ್ಲಿ 'ಇಲ್ಲ' ಎಂಬ ಪದವೇ ಇಲ್ಲದೆ ನಿಷೇಧವಿದೆ. ಇವನ್ನು ಯಾವ ಒಂದು ಉಪಸರಣಿಯೂ ಹಿಡಿಯಲಾರದು.

ಹಳೆಯ ಗ್ರಂಥಗಳಲ್ಲಿ ಬೇರೆ ತೊಡಕುಗಳೂ ಸೇರುತ್ತವೆ. ಕಂದದಲ್ಲಾಗಲಿ ವೃತ್ತದಲ್ಲಾಗಲಿ ಪದವೊಂದು ಪಾದದ ಕೊನೆಯಲ್ಲಿ ಮುರಿದು ಮುಂದಿನ ಪಾದಕ್ಕೆ ಹರಿಯುವುದುಂಟು. ನಡುವೆ ಬರುವ ಸಾಲಿನ ಕೊನೆಯೂ ಗಣಕಕ್ಕೆ ಒಂದು ಚಿಹ್ನೆಯಾದ್ದರಿಂದ ಆ ಪದ ಶೋಧಕ್ಕೆ ಸಿಗದು. ಪಾಲ್ ಹಾಲಾದುದು, ಮೞೆ ಮಳೆಯಾದುದು, ಕೆಱೆ ಕೆರೆಯಾದುದು ಭಾಷೆಯ ಚರಿತ್ರೆ. ಮುದ್ರಿತ ಪ್ರತಿಯಲ್ಲಿ ೞಕಾರವಿದ್ದು ಅದನ್ನು ಗಣಕಕ್ಕೆ ಸೇರಿಸಿದವರು ಳಕಾರ ಮಾಡಿದ್ದರೆ, ಚರಿತ್ರೆಯೇ ಅಳಿಸಿಹೋದ ಪಠ್ಯದಲ್ಲಿ ನಾವು ಚರಿತ್ರೆಯನ್ನು ಹುಡುಕಿದಂತಾಗುತ್ತದೆ.

೫

ಅಸಂಭವ ಎಂಬ ಮೂರನೆಯ ದೋಷದಲ್ಲಿ ಶೋಧ್ಯ ಯಾವ ಎಡೆಗೂ ಹೊಂದುವುದಿಲ್ಲ. ಪಠ್ಯದಲ್ಲಿ ಆ ಪದ ನೂರು ಸಲ ಇದ್ದರೂ ಉತ್ತರ 'ಇಲ್ಲ' ಎಂದೇ ಬರುತ್ತದೆ. ಕಣ್ಣಿಗೆ ಒಂದೇ ಆಗಿ ಕಾಣುವುದು ಸಂಖ್ಯೆಯಲ್ಲಿ ಬೇರೆಯಾಗಿರುವುದೇ ಇದಕ್ಕೆ ಕಾರಣ.

ಇದರ ಅತ್ಯಂತ ಸಾಮಾನ್ಯ ಉದಾಹರಣೆ ಅನುಸ್ವಾರ. ಅನುಸ್ವಾರದ ಸೊನ್ನೆಗೂ ಕನ್ನಡ ಅಂಕಿಯ ಸೊನ್ನೆಗೂ ರೂಪ ಬಹುಮಟ್ಟಿಗೆ ಒಂದೇ, ಸಂಖ್ಯೆ ಬೇರೆ. ಬೆರಳಚ್ಚು ಮಾಡಿದವರು 'ಸಂಗಮ' ಎಂಬಲ್ಲಿ ಅಂಕಿಯ ಸೊನ್ನೆಯನ್ನೇ ಇಟ್ಟು 'ಸ೦ಗಮ' ಎಂದು ಬರೆದಿದ್ದರೆ ಓದುಗನಿಗೆ ಯಾವ ವ್ಯತ್ಯಾಸವೂ ತೋರದು, ಶೋಧಕ್ಕೆ ಮಾತ್ರ ಆ ಪದ ಅದೃಶ್ಯ. ಎರಡನೆಯದಾಗಿ, ಓಕಾರದ ಗುಣಿತವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂಬ ಮೂರರ ಜೋಡಣೆಯಾಗಿಯೂ ಇಡಬಹುದು. ಇವೆರಡೂ ಸಮಾನವೆಂದು ಯೂನಿಕೋಡ್ ವ್ಯವಸ್ಥೆಯೇ ಸಾರಿ, ಒಂದೇ ರೂಪಕ್ಕೆ ತರುವ ಕ್ರಮವನ್ನೂ ವಿಧಿಸಿದೆ. ಆದರೆ ಆ ಕ್ರಮವನ್ನು ಅನುಸರಿಸದ ಶೋಧಕ್ಕೆ ಅವು ಬೇರೆ ಬೇರೆ. ಅನುಸ್ವಾರಕ್ಕೆ ಬದಲಾಗಿ ಬಂದ ಸೊನ್ನೆಯನ್ನಂತೂ ಆ ಕ್ರಮವೂ ಸರಿಪಡಿಸುವುದಿಲ್ಲ. ಮೂರನೆಯದಾಗಿ, ಒತ್ತಕ್ಷರವಾಗದಂತೆ ತಡೆಯಲು 'ಸಾಫ್ಟ್‌ವೇರ್' ಮುಂತಾದ ಪದಗಳ ನಡುವೆ ಇಡುವ ಚಿಹ್ನೆಯೂ, ಅರ್ಕಾವೊತ್ತಿನ ಬದಲು ರಕಾರವನ್ನೇ ಉಳಿಸಿಕೊಳ್ಳಲು ಇಡುವ ಚಿಹ್ನೆಯೂ ಕಣ್ಣಿಗೆ ಕಾಣುವಂಥವಲ್ಲ. ಹೋಲಿಕೆಯಲ್ಲಿ ಮಾತ್ರ ಅಡ್ಡ ಬರುತ್ತವೆ. ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮುಂಚಿನ ಅಕ್ಷರಶೈಲಿಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕೂರಿಸಲಾಗಿತ್ತು. ಹಾಗೆ ಸಿದ್ಧಪಡಿಸಿದ ಪಠ್ಯದಲ್ಲಿ ಇಂದಿನ ಕನ್ನಡ ಶೋಧ್ಯಕ್ಕೆ ಒಂದು ಅಕ್ಷರವೂ ಹೊಂದದು.

೬

ಇದಕ್ಕೆ ಯಂತ್ರಶೋಧದ ಪಕ್ಷಪಾತಿಗಳು ಒಂದು ಸಮಾಧಾನ ಹೇಳಬಹುದು: ಬರಿಯ ಉಪಸರಣಿಯ ಬದಲು ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಮಾದರಿಗಳನ್ನು ಕೊಟ್ಟರೆ ವಿಕಲ್ಪಗಳನ್ನೂ ಷರತ್ತುಗಳನ್ನೂ ಸೇರಿಸಬಹುದಲ್ಲವೆ ಎಂದು. ಇಂಥ ಮಾದರಿಗಳಿಂದ ಪಠ್ಯವನ್ನು ಶೋಧಿಸುವ ಕ್ರಮವನ್ನು ಕೆನ್ ಥಾಂಪ್ಸನ್ ೧೯೬೮ರಲ್ಲಿಯೇ ವಿವರಿಸಿದ್ದರು. ಅದರ ಉಪಯುಕ್ತತೆ ನಿರ್ವಿವಾದ. ಆದರೆ ಅದರ ಮಿತಿಯನ್ನು ಮೇಲಿನ ಉದಾಹರಣೆಯಿಂದಲೇ ಕಾಣಬಹುದು. 'ಇಲ್ಲ' ಎಂಬುದರ ಜೊತೆಗೆ ಗುಡಿಸಿನಿಂದ ಮೊದಲಾಗುವ ರೂಪವನ್ನೂ ಹುಡುಕು ಎಂದರೆ ಬರಲಿಲ್ಲ, ಗೊತ್ತಿಲ್ಲಗಳು ಬರುತ್ತವೆ. ಜೊತೆಗೆ ಜಿಲ್ಲೆಯೂ ಬಿಲ್ಲೂ ಬರುತ್ತವೆ. ಮುಂದೆ ಸ್ವರಚಿಹ್ನೆ ಇರಬಾರದೆಂದು ಷರತ್ತು ಹಾಕಿದರೆ ಜಿಲ್ಲೆ, ಬಿಲ್ಲು, ಇಲ್ಲಿ ಎಲ್ಲವೂ ಹೊರಗಾಗುತ್ತವೆ. ಆದರೆ ಚಿಲ್ಲರೆ ಒಳಗೇ ಉಳಿಯುತ್ತದೆ, ನಿಜವಾದ ನಿಷೇಧವಾದ 'ಇಲ್ಲೆಂದು' ಹೊರಗೆ ಹೋಗುತ್ತದೆ. ಒಂದು ಬಾಗಿಲನ್ನು ಮುಚ್ಚಿದಂತೆ ಇನ್ನೊಂದು ತೆರೆಯುತ್ತದೆ. ಮಾದರಿಯನ್ನು ತಿದ್ದುತ್ತ ಹೋದವನು ಕೊನೆಗೆ ಬರೆಯುವುದು ಸಂಧಿಪ್ರಕರಣವನ್ನೇ. ಕೇಶಿರಾಜನನ್ನು ಓದಿದವನು ಆ ಕೆಲಸವನ್ನು ಮೊದಲಿನಿಂದಲೇ ಚೆನ್ನಾಗಿ ಮಾಡಬಲ್ಲನು. ವ್ಯಾಕರಣದ ಅಭ್ಯಾಸವನ್ನು ಯಂತ್ರ ಅನಾವಶ್ಯಕಗೊಳಿಸಿತೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಇನ್ನೊಂದು ತುದಿಯಲ್ಲಿ, ಯಂತ್ರಶೋಧವೇ ಬೇಡವೆನ್ನುವವರೂ ಇದ್ದಾರೆ. ಅವರು ಇಟಲಿಯ ಪಾದ್ರಿ ರೊಬೆರ್ತೊ ಬೂಸಾ 'ಇಂಡೆಕ್ಸ್ ಥೋಮಿಸ್ಟಿಕುಸ್' ರಚಿಸಿದ ಕ್ರಮವನ್ನು ಗಮನಿಸಬೇಕು. ಸಂತ ಥಾಮಸ್ ಅಕ್ವಿನಾಸನ ಗ್ರಂಥಗಳಲ್ಲಿ 'ಸಾನ್ನಿಧ್ಯ'ದ ತತ್ತ್ವವನ್ನು ವಿಚಾರಿಸಹೊರಟ ಬೂಸಾ ಮೊದಲು ಆ ಅರ್ಥದ ಲ್ಯಾಟಿನ್ ಪದಗಳನ್ನೇ ಹುಡುಕಿದರು. ಆ ಪದಗಳು ಅಲ್ಲಿ ಗೌಣವೆಂದೂ, ತತ್ತ್ವ ನಿಂತಿರುವುದು 'ಒಳಗೆ' ಎಂಬರ್ಥದ 'ಇನ್' ಎಂಬ ಚಿಕ್ಕ ಅವ್ಯಯದ ಮೇಲೆ ಎಂದೂ ಕಂಡುಕೊಂಡು, ಆ ಅವ್ಯಯವೂ ಅದಕ್ಕೆ ಸಂಬಂಧಪಟ್ಟ ಪದಗಳೂ ಬರುವ ವಾಕ್ಯಗಳನ್ನು ೧೦,೦೦೦ ಚೀಟಿಗಳಲ್ಲಿ ಕೈಯಿಂದಲೇ ಬರೆದರು. ಪ್ರಬಂಧ ೧೯೪೬ರಲ್ಲಿ ಮುಗಿಯಿತು. ಇಂಥ ಶ್ರಮಕ್ಕೆ ಯಂತ್ರದ ನೆರವು ಬೇಕೆಂದು ಅವರು ೧೯೪೯ರಲ್ಲಿ ಐ.ಬಿ.ಎಂ. ಸಂಸ್ಥೆಯ ಸಹಾಯ ಕೋರಿದರು. ಅದರ ಫಲವಾದ ಪದಸೂಚಿ ೧೯೭೪ರಿಂದ ೧೯೮೦ರ ವರೆಗೆ ೫೬ ಸಂಪುಟಗಳಲ್ಲಿ ಅಚ್ಚಾಯಿತು.

ಇದರಿಂದ ಎರಡು ಪಾಠಗಳಿವೆ. 'ಇನ್' ಎಂಬ ಎರಡಕ್ಷರದ ಉಪಸರಣಿ ಪ್ರಭು ಎಂಬರ್ಥದ 'ದೊಮಿನುಸ್', ಅಂತ್ಯ ಎಂಬರ್ಥದ 'ಫಿನಿಸ್' ಮೊದಲಾಗಿ ಲೆಕ್ಕವಿಲ್ಲದಷ್ಟು ಲ್ಯಾಟಿನ್ ಪದಗಳ ಒಡಲಲ್ಲಿದೆ. ಬರಿಯ ಸರಣಿಶೋಧದಿಂದ ಆ ಪ್ರಬಂಧ ಹುಟ್ಟುತ್ತಿರಲಿಲ್ಲ. ಆದ್ದರಿಂದಲೇ ಬೂಸಾ ಯಂತ್ರಕ್ಕೆ ಕೆಲಸ ಒಪ್ಪಿಸಿದಾಗಲೂ ಒಂದೊಂದು ಪದರೂಪವನ್ನೂ ಅದರ ಮೂಲಪದದ ಅಡಿಯಲ್ಲಿ ತಂದು ನಿಲ್ಲಿಸುವ ಕಾರ್ಯವನ್ನು ಬಿಡಲಿಲ್ಲ. ಇದು ಮೊದಲನೆಯದು. ಯಾವ ಪದವನ್ನು ಹುಡುಕಬೇಕೆಂಬುದೇ ಓದಿನ ಫಲ, ಅದನ್ನು ಯಂತ್ರ ಹೇಳಲಾರದೆಂಬುದು ಎರಡನೆಯದು.

೭

ಕೊನೆಗೆ ಉಳಿಯುವುದು 'ಇಲ್ಲ' ಎಂಬ ಉತ್ತರದ ಪ್ರಾಮಾಣ್ಯ. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಪ್ರತ್ಯೇಕ ಪ್ರಮಾಣವೆಂದು ಅಂಗೀಕರಿಸುತ್ತಾರೆ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯುತ್ತೇವೆ. ಆದರೆ ಯಾವ ಕಾಣದಿರುವಿಕೆಯೂ ಪ್ರಮಾಣವಾಗುವುದಿಲ್ಲ. ಕತ್ತಲೆಯಲ್ಲಿ ಗಡಿಗೆ ಕಾಣದಿದ್ದರೆ ಅದು ಇಲ್ಲವೆಂದು ಹೇಳಲಾಗದು. 'ಇದ್ದಿದ್ದರೆ ಕಾಣಲೇಬೇಕಾಗಿತ್ತು' ಎಂಬ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅಭಾವ ಸಿದ್ಧವಾಗುತ್ತದೆ. ಇದನ್ನೇ ಯೋಗ್ಯಾನುಪಲಬ್ಧಿ ಎನ್ನುವುದು.

ಗಣಕದ ಮೌನಕ್ಕೆ ಈ ನಿಯಮ ಅಕ್ಷರಶಃ ಅನ್ವಯಿಸುತ್ತದೆ. ಆ ಪದ ಅಲ್ಲಿ ಇದ್ದಿದ್ದರೆ ನಮ್ಮ ಶೋಧ್ಯಕ್ಕೆ ದೊರೆಯುತ್ತಿತ್ತೆ ಎಂಬುದನ್ನು ಮೊದಲು ಸಾಧಿಸಿ, ಅನಂತರ ಅದು ಇಲ್ಲವೆಂದು ಹೇಳಬೇಕು. ಸಾಧಿಸುವ ದಾರಿಯೂ ಕಷ್ಟವಲ್ಲ. ಅದೇ ಪಠ್ಯದ ಕೆಲವು ಪುಟಗಳನ್ನು ಓದಿ, ಪರೀಕ್ಷಿಸಬೇಕಾದ ಪದದಂತೆಯೇ ರೂಪಭೇದ ಹೊಂದುವ ಬೇರೊಂದು ಪದದ ಪ್ರಯೋಗಗಳನ್ನು ಗುರುತುಹಾಕಿಕೊಳ್ಳುವುದು. ಅನಂತರ ಅದೇ ಬಗೆಯ ಶೋಧ್ಯದಿಂದ ಅವುಗಳನ್ನು ಹುಡುಕಿ, ಗುರುತುಹಾಕಿದವೆಲ್ಲ ದೊರೆತವೆ ಎಂದು ನೋಡುವುದು. ಒಂದು ತಪ್ಪಿದರೂ ಶೋಧ್ಯವನ್ನೋ ಪಠ್ಯವನ್ನೋ ತಿದ್ದಿ ಮತ್ತೆ ಪರೀಕ್ಷಿಸತಕ್ಕದ್ದು.

ಇದರೊಡನೆ ಇನ್ನು ಮೂರು ಕಟ್ಟುಪಾಡುಗಳನ್ನು ಸಂಶೋಧಕ ವಿದ್ಯಾರ್ಥಿಗಳು ಪಾಲಿಸುವುದು ಒಳ್ಳೆಯದು. ಮೊದಲನೆಯದು, ಯಾವ ಶೋಧ್ಯವನ್ನು ಕೊಟ್ಟೆವು, ಪಠ್ಯ ಯಾವ ಮುದ್ರಿತ ಆವೃತ್ತಿಯದು, ಶೋಧಕ್ಕೆ ಮುಂಚೆ ಅದರಲ್ಲಿ ಏನನ್ನು ಏಕರೂಪಗೊಳಿಸಿದೆವು ಎಂಬುದನ್ನು ಪ್ರಬಂಧದಲ್ಲಿ ಬರೆಯುವುದು. ಮತ್ತೊಬ್ಬರು ಅದೇ ಶೋಧವನ್ನು ಮಾಡಿನೋಡಲು ಇದರಿಂದ ಸಾಧ್ಯವಾಗುತ್ತದೆ. ಎರಡನೆಯದು, ದೊರೆತ ಎಡೆಗಳನ್ನೆಲ್ಲ ಸಂದರ್ಭಸಹಿತವಾಗಿ ಓದಿ, ಸರಣಿಗಳ ಸಂಖ್ಯೆಯನ್ನೂ ಪದಗಳ ಸಂಖ್ಯೆಯನ್ನೂ ಬೇರೆ ಬೇರೆ ಕೊಡುವುದು. ಎಲ್ಲವನ್ನೂ ಓದಲಾಗದಷ್ಟಿದ್ದರೆ ಎಷ್ಟನ್ನು ಓದಿದೆವೆಂದು ಹೇಳುವುದು. ಮೂರನೆಯದು, ವಿಭಕ್ತಿರೂಪಗಳನ್ನೂ ಸಂಧಿರೂಪಗಳನ್ನೂ ಹಳೆಯ ರೂಪಗಳನ್ನೂ ಮೊದಲೇ ಪಟ್ಟಿಮಾಡಿಕೊಂಡು ಒಂದೊಂದನ್ನೂ ಹುಡುಕುವುದು. ಈ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸ ವ್ಯಾಕರಣದ ತರಗತಿಯಲ್ಲಿಯೇ ನಡೆಯಬಹುದು; ಅಧ್ಯಾಪಕರು ಒಂದು ಪದವನ್ನು ಕೊಟ್ಟು ಅದರ ಶೋಧ್ಯಗಳ ಪಟ್ಟಿಯನ್ನು ಬರೆಯಿಸಿದರೆ, ಆದೇಶ ಲೋಪಗಳ ಪಾಠಕ್ಕೆ ಅದಕ್ಕಿಂತ ಉತ್ತಮ ಅಭ್ಯಾಸ ದೊರೆಯದು.

ಹೀಗೆ ನಡೆದುಕೊಂಡಲ್ಲಿ ಗಣಕದ ಶೋಧ ಹಿಂದಿನ ಚೀಟಿಗಳಿಗಿಂತ ವಿಸ್ತಾರವಾದ ಸಾಕ್ಷ್ಯವನ್ನು ಒದಗಿಸಬಲ್ಲುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಪರೀಕ್ಷೆ ತೀರಿದ ಮೇಲೆ 'ಈ ಕವಿಯಲ್ಲಿ ಈ ಪದ ಇಲ್ಲ' ಎಂದು ಧೈರ್ಯವಾಗಿ ಬರೆಯಬಹುದು. ಅಲ್ಲಿಯ ವರೆಗೆ ಬರೆಯತಕ್ಕದ್ದು 'ಈ ಸರಣಿ ಈ ಪಠ್ಯದಲ್ಲಿ ದೊರೆಯಲಿಲ್ಲ' ಎಂದಷ್ಟೆ.